ಅಳತೆಮನೆಯ ಮೂರು ಚೀಟಿ

ಯಾರನ್ನೂ ನಂಬದೆ ಬದುಕುವುದು ಕಷ್ಟ ಅನ್ನುತ್ತಾರೆ. ನನಗೆ ಅದು ಉಸಿರಾಡಿದಷ್ಟು ಸಲೀಸು. ಹಾಲಿನವನು ಅಳೆದು ಹಾಕುವಾಗ ಅವನ ಹೆಬ್ಬೆರಳು ಅಳತೆಯ ಒಳಗಿದೆಯೋ ಹೊರಗಿದೆಯೋ ಎಂದು ಬಗ್ಗಿ ನೋಡುವವಳು ನಾನು. ತಂಗಿ ಇದಕ್ಕೆ 'ಅಕ್ಕನ ಕಾಯಿಲೆ' ಎಂದು ಹೆಸರಿಟ್ಟಿದ್ದಾಳೆ. ಕಾಯಿಲೆಯೇ ಇರಲಿ, ಅದರಿಂದಲೇ ನನಗೆ ಅಳತೆಮನೆಯಲ್ಲಿ ಕೆಲಸ ಸಿಕ್ಕಿತು, ಹನ್ನೊಂದು ವರ್ಷ ಅನ್ನವನ್ನೂ ಹಾಕಿತು.

ಅಳತೆಮನೆ ಇರುವುದು ಹೊಳೆಯ ನಡುವಿನ ಬಂಡೆಯ ಮೇಲೆ. ಎಡದಂಡೆ ಒಂದು ದೇಶ, ಬಲದಂಡೆ ಇನ್ನೊಂದು, ಬಂಡೆಯಿಂದ ಕೆಳಕ್ಕೆ ನಮ್ಮದು, ಮೂರನೆಯದು. ನೀರಿಗಾಗಿ ಅಜ್ಜಂದಿರ ಕಾಲದಿಂದ ಹೊಡೆದಾಡಿ ಸುಸ್ತಾದ ಮೂರೂ ಸರ್ಕಾರಗಳು ಕೊನೆಗೊಂದು ಒಪ್ಪಂದಕ್ಕೆ ಸಹಿ ಹಾಕಿ ನದಿ ಮಂಡಳಿ ಎಂಬುದನ್ನು ಕಟ್ಟಿದವು. ಬಂಡೆ ಯಾವ ದೇಶಕ್ಕೂ ಸೇರಿದ್ದಲ್ಲ, ಮಂಡಳಿಗೆ ಸೇರಿದ್ದು. ಮೂರೂ ಕಡೆಯಿಂದ ಮೂರು ಕಾಲುಸೇತುವೆ. ನಮ್ಮ ಸೇತುವೆ ದಾಟಿ ಅಲ್ಲಿ ಕಾಲಿಟ್ಟ ಮೇಲೆ ನಾನು ಯಾವ ದೇಶದವಳೂ ಅಲ್ಲ. ಚಪ್ಪಲಿ ಮಾತ್ರ ನಮ್ಮೂರಿನದು.

ಅಲ್ಲಿ ಒಂದೇ ಕೋಣೆ, ಮೂರು ಕುರ್ಚಿ, ಮೇಜಿನ ಮೇಲೆ ಒಂದು ತಗಡಿನ ಡಬ್ಬಿ. ಬಂಡೆಯ ಬುಡದಲ್ಲಿ ಗೆರೆ ಹಾಕಿದ ಕಬ್ಬಿಣದ ಕಂಬ, ಗೆರೆಗೂ ಗೆರೆಗೂ ನಾಲ್ಕು ಬೆರಳು. ದಿನಾ ಬೆಳಿಗ್ಗೆ ಆರು ಗಂಟೆಗೆ ಮೂರು ದೇಶದ ಮೂವರು ಒಬ್ಬೊಬ್ಬರಾಗಿ ನಲವತ್ತೆರಡು ಮೆಟ್ಟಿಲು ಇಳಿದು ನೀರು ಯಾವ ಗೆರೆಗಿದೆ ಎಂದು ನೋಡಬೇಕು. ಮೇಲೆ ಬಂದು, ಪಕ್ಕದವರಿಗೆ ತೋರಿಸದೆ, ಮಾತಾಡದೆ, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಮೂರರಲ್ಲಿ ಎರಡು ಚೀಟಿ ಹೊಂದಿದರೆ ಅದೇ ಆ ದಿನದ ಮಟ್ಟ. ಅದನ್ನು ಮಂಡಳಿಗೆ ಫೋನಿನಲ್ಲಿ ಹೇಳಿದರೆ ಮೂರು ದೇಶದ ಮಂತ್ರಿಗಳೂ ಪ್ರಶ್ನೆ ಮಾಡುವಂತಿಲ್ಲ. ಮೂವತ್ತನೇ ಗೆರೆ ದಾಟಿದರೆ ಸೈರನ್ ಕೂಗುತ್ತದೆ, ನಮ್ಮ ಕಡೆಯ ತಗ್ಗಿನೋಣಿ ಖಾಲಿಯಾಗಬೇಕು. ಒಂದು ಗಂಟೆ ಬಿಟ್ಟು ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ ಬಾಗಿಲು ತೆಗೆದು ನೀರನ್ನು ಓಣಿಯ ಕಡೆಗೆ ಬಿಡುತ್ತಾರೆ. ತೆಗೆಯದಿದ್ದರೆ ನೀರು ಒಡ್ಡನ್ನೇ ಹಾರಿ ಹೇಳದೆ ಕೇಳದೆ ಓಣಿಗೆ ನುಗ್ಗುತ್ತದೆ.

ತಗ್ಗಿನೋಣಿಯಲ್ಲಿ ಎಪ್ಪತ್ತು ಮನೆ. ಅದರಲ್ಲೊಂದು ನನ್ನ ತಂಗಿಯದು. ಅವಳ ಅತ್ತೆ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಮಂಚ ಹಿಡಿದಿದ್ದಾರೆ. ಎತ್ತಲು ನಾಲ್ಕು ಜನ ಬೇಕು, ಓಣಿಯ ಏರು ಹತ್ತಿಸಲು ಮುಕ್ಕಾಲು ಗಂಟೆ ಬೇಕು. ನೀರು ಏರಿದರೆ ಆ ಒಂದು ಗಂಟೆ ಅವರಿಗೆ ಸಿಗಲೇಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಈಗ ನನ್ನ ಬುಡಕ್ಕೇ ಬರುತ್ತೇನೆ. ಮೊದಲ ವರ್ಷ ನಾನು ದಿನಾ ಮೆಟ್ಟಿಲು ಇಳಿದೆ. ಒಂದು ದಿನ ನೋಡಿದರೆ ಎಡದಂಡೆಯ ಕೊಡೆಯವರು ಇಳಿಯದೆಯೇ ಬರೆಯುತ್ತಿದ್ದರು. ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಛತ್ರಿ ಇಟ್ಟುಕೊಂಡೇ ಇರುವ ಮನುಷ್ಯ, ಅದಕ್ಕೇ ಆ ಹೆಸರು. ಅವರು ಇಳಿಯದಿದ್ದರೆ ನನ್ನ ಮಂಡಿ ಏನು ಪುಕ್ಕಟೆ ಬಂದಿದೆಯೇ? ನಾನೂ ಬಿಟ್ಟೆ. ಆದರೆ ಅವರ ಕಳ್ಳತನ ಹಿಡಿಯಬೇಕಲ್ಲ. ಫ್ಲಾಸ್ಕಿನ ಚಹಾ ಬಗ್ಗಿಸುವ ನೆಪದಲ್ಲಿ ಎದ್ದು ಅವರ ಹೆಗಲ ಮೇಲಿಂದ ಚೀಟಿ ನೋಡಿದೆ. ಬರುವಾಗ ಸೇತುವೆಯ ಮೇಲಿಂದ ನಾನು ಕಣ್ಣಂದಾಜಿನಲ್ಲಿ ಎಣಿಸಿಕೊಂಡ ಸಂಖ್ಯೆಯೇ ಅದರಲ್ಲಿತ್ತು. ಮರುದಿನವೂ ಅದೇ. ಸರಿ, ನಾನು ಬರುವ ಮೊದಲೇ ಇಳಿದು ನೋಡಿಬಿಡುತ್ತಾರೆ ಎಂದುಕೊಂಡೆ. ಅಂದಿನಿಂದ ದಿನಾ ಅವರ ಚೀಟಿ ನೋಡಿಯೇ ನನ್ನದನ್ನು ಬರೆದೆ. ಹತ್ತು ವರ್ಷ ಒಂದೇ ಒಂದು ದಿನವೂ ಚೀಟಿಗಳ ತಾಳೆ ತಪ್ಪಲಿಲ್ಲ. ಮಂಡಳಿ ನಮ್ಮ ಮೂವರಿಗೂ ಪ್ರಶಸ್ತಿ ಪತ್ರ ಕೊಟ್ಟು, ನಡುವೆ ಒಬ್ಬ ಮಂತ್ರಿಯನ್ನು ನಿಲ್ಲಿಸಿ ಫೋಟೋ ತೆಗೆಸಿತು.

ಮೂರನೆಯವರು ಬಲದಂಡೆಯ ಮೇಷ್ಟ್ರು, ಶಾಲೆಯಿಂದ ನಿವೃತ್ತರಾಗಿ ಬಂದವರು. ಒಳಗೆ ಬಂದ ಕೂಡಲೇ "ಹೇಗಿದೆ ಹೊಳೆ?" ಎಂದು ಕೇಳುವುದು ಅವರ ರೂಢಿ. ಮಾತಾಡಬಾರದೆಂಬ ನಿಯಮ ಡಬ್ಬಿ ಮೇಜಿಗೆ ಬಂದ ಮೇಲಿನದು. ಅದಕ್ಕೆ ಮೊದಲು ಮಳೆ, ಬಿಸಿಲು, ಹೊಳೆ ಎಂದು ಲೋಕಾಭಿರಾಮ ಮಾತಾಡಲು ಅಡ್ಡಿಯಿರಲಿಲ್ಲ. "ನಿನ್ನೆಗಿಂತ ಒಂದು ಗೆರೆ ಮೇಲೆ" ಎಂದೋ "ನಿನ್ನೆ ಥರಾನೇ" ಎಂದೋ ನಾನು ಹೇಳುತ್ತಿದ್ದೆ. ಅವರೂ ಮೆಟ್ಟಿಲು ಇಳಿದದ್ದನ್ನು ನಾನು ಕಂಡಿರಲಿಲ್ಲ, ಬರುವ ದಾರಿಯಲ್ಲೇ ಕಂಬ ನೋಡಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ಒಪ್ಪಂದದ ಐವತ್ತು ವರ್ಷದ ಅವಧಿ ಮುಗಿಯಿತು. ಮೂರು ಸರ್ಕಾರಗಳಲ್ಲಿ ಒಂದೂ ಅದನ್ನು ಮುಂದುವರಿಸಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದೇ ವಾರದಲ್ಲಿ ನಮಗೆ ಎರಡು ಪತ್ರ ಬಂದವು. ಮಂಡಳಿಯದು ದಪ್ಪ ಕಾಗದ: ಒಪ್ಪಂದ ಮುಗಿದರೂ ಮಂಡಳಿ ಮುಗಿಯುವುದಿಲ್ಲ, ಅಳತೆಯನ್ನು ನಮಗಲ್ಲದೆ ಯಾರಿಗೂ ಕೊಡಕೂಡದು. ಇನ್ನೊಂದು ಹೊಳೆಯೂರುಗಳ ಒಕ್ಕೂಟದ್ದು. ಮೂರೂ ದೇಶಗಳ ಹೊಳೆದಂಡೆಯ ಇಪ್ಪತ್ತಾರು ಊರಿನವರು ಗಡಿ ಬದಿಗಿಟ್ಟು ತಾವೇ ಮತ ಹಾಕಿ ಕಟ್ಟಿಕೊಂಡ ಕೂಟ ಅದು. ಸರ್ಕಾರಗಳ ಸಹಿಗೆ ಇನ್ನು ಬೆಲೆಯಿಲ್ಲ, ಹೊಳೆ ಅದರ ನೀರು ಕುಡಿಯುವವರದು, ಅಳತೆ ನಮಗೆ ಕೊಡಿ ಎಂದು ಅದರಲ್ಲಿತ್ತು.

ಆ ದಿನ ಚೀಟಿ ತೆಗೆದ ಮೇಲೆ ಮೂವರೂ ಕೂತು ಮಾತಾಡಿದೆವು.

"ನನ್ನ ಕೇಳಿದ್ರೆ ಎರಡೂ ಸಣ್ಣದು," ಎಂದರು ಮೇಷ್ಟ್ರು. "ಲೋಕಕ್ಕೆಲ್ಲ ಒಂದೇ ಸರ್ಕಾರ ಆಗೋತನಕ ಈ ಜಗಳ ತಪ್ಪಲ್ಲ."

"ನಮ್ಮೂರಿನ ಒಂದು ಸರ್ಕಾರಾನೇ ಚರಂಡಿ ತೆಗೆಸೋಕಾಗ್ತಿಲ್ಲ ಮೇಷ್ಟ್ರೇ. ಲೋಕದ ಸರ್ಕಾರ ಅಂದ್ರೆ ಅರ್ಜಿ ಹಿಡ್ಕೊಂಡು ಎಲ್ಲಿಗೆ ಹೋಗ್ಬೇಕು?" ಎಂದೆ.

ಕೊಡೆಯವರು ನಕ್ಕರು. "ಮಂಡಳೀಲಿ ಓದಿದವರಿದ್ದಾರೆ, ಹೊಳೆ ನೋಡಿದವರಿಲ್ಲ. ಒಕ್ಕೂಟದಲ್ಲಿ ಹೊಳೆ ನೋಡಿದವರಿದ್ದಾರೆ, ತಮ್ಮೂರು ಬಿಟ್ಟು ಪಕ್ಕದೂರು ನೋಡಿದವರಿಲ್ಲ. ಯಾರಾದ್ರೂ ಆಳಲಿ ಅಕ್ಕ, ಅಳತೆ ಒಂದು ಸರಿಯಾಗಿದ್ರೆ ಸಾಕು."

ಅಳತೆ ಸರಿಯಾಗಿದ್ದರೆ ಸಾಕು ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಆ ಭಾನುವಾರ ತಂಗಿಯ ಮನೆಗೆ ಹೋದೆ. ಅವಳ ಗಂಡ ನಲ್ಲಿ ಕೊಳವೆ ರಿಪೇರಿಯವನು, ಓಣಿಯಿಂದ ಒಕ್ಕೂಟಕ್ಕೆ ಆರಿಸಿ ಹೋದ ಪ್ರತಿನಿಧಿಯೂ ಅವನೇ. ಹಜಾರದಲ್ಲಿ ಒಂದು ಕಡೆ ಕೊಳವೆಗಳು, ಇನ್ನೊಂದು ಕಡೆ ಒಕ್ಕೂಟದ ಕರಪತ್ರಗಳ ಕಟ್ಟು, ನಡುವೆ ಅತ್ತೆಯ ಮಂಚ. ಕಾಲಿಡಲು ಜಾಗವಿಲ್ಲ.

"ಅತ್ತಿಗೆ, ಒಂದು ಮಾತು ಹೇಳಿ," ಎಂದ ಅವನು ಸ್ಪ್ಯಾನರ್ ಒರೆಸುತ್ತ. "ಆ ಒಪ್ಪಂದಕ್ಕೆ ಸಹಿ ಹಾಕುವಾಗ ನಮ್ಮಪ್ಪನ್ನ ಕೇಳಿದ್ರಾ? ಮುಳುಗೋರು ನಾವು, ಬಾಗಿಲು ತೆಗೆಯೋರು ಅವರು. ಇದ್ಯಾವ ನ್ಯಾಯ?"

"ನೀವೇ ಬಾಗಿಲು ಇಟ್ಕೊಂಡ್ರೆ ತೆಗೆಯೋದೇ ಇಲ್ಲ. ಆಗ ಮೇಲಿನ ಊರು ಮುಳುಗುತ್ತೆ. ಅವರನ್ನ ಯಾರು ಕೇಳ್ತಾರೆ?"

"ಅವರೂ ಒಕ್ಕೂಟದಲ್ಲಿದ್ದಾರಲ್ಲ. ಎದುರಿಗೇ ಕೂತು ಜಗಳ ಆಡ್ತೀವಿ. ಅದಕ್ಕಿಂತ ಇನ್ನೇನು ಬೇಕು?"

ಮಾತು ಕೇಳಲು ಚೆನ್ನಾಗಿಯೇ ಇತ್ತು, ಅದಕ್ಕೇ ನನಗೆ ಸಂಶಯ. ಆದರೆ ಮಂಡಳಿಯ ಮೇಲೆ ಓಣಿಯವರಿಗಿದ್ದ ಸಿಟ್ಟು ಸುಳ್ಳಲ್ಲ. ನಾನು ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಸೈರನ್ ಕೂಗಿಸಿ ಎಲ್ಲರನ್ನೂ ಏರಿನ ಮೇಲಿನ ಶಾಲೆಗೆ ಅಟ್ಟಿದ್ದರು. ನೀರು ಬರಲಿಲ್ಲ. ಹತ್ತು ದಿನ ಬಿಟ್ಟು ವಾಪಸ್ ಬಂದರೆ ಕೊನೆಯ ಎರಡು ಸಾಲು ಮನೆ ನೆಲಸಮವಾಗಿ ಮಂಡಳಿಯ ಗೋದಾಮಿಗೆ ಪಾಯ ತೋಡಿದ್ದರು. ಅಂದಿನಿಂದ ಮಂಡಳಿಯ ಸೈರನ್ ಅಂದರೆ ಓಣಿಯವರು ಬೀಗ ಹಾಕಿಕೊಂಡು ಒಳಗೇ ಕೂರುತ್ತೇವೆ ಎನ್ನುತ್ತಿದ್ದರು.

"ನೀವು ನಂಬ್ತೀರೋ ಬಿಡ್ತೀರೋ, ನೀರು ಬಂದ್ರೆ ಅತ್ತೇನ ಎತ್ಕೊಂಡು ಹೋಗೋದಷ್ಟೇ ನನ್ನ ರಾಜಕೀಯ," ಎಂದಳು ತಂಗಿ ಒಳಗಿನಿಂದ. ಮಂಚದ ಮೇಲಿನ ಮುದುಕಿ, "ನನ್ನ ಬಿಟ್ಟು ಓಡ್ರೇ, ನಾನು ಈಜ್ಕೊಂಡು ಬರ್ತೀನಿ," ಎಂದು ತಮಾಷೆ ಮಾಡಿದರು. ನಗುತ್ತಲೇ ಮಂಚದಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡೆ.

ಓಣಿಯ ಬಾಯಲ್ಲಿ ಒಕ್ಕೂಟ ಹೊಸದೊಂದು ಕರಿಹಲಗೆ ನೆಟ್ಟಿತ್ತು. 'ಇಂದಿನ ಮಟ್ಟ: ಇಪ್ಪತ್ತಾರು. ನಮ್ಮ ಜನರೇ ಅಳೆದದ್ದು.' ಅಂದು ಬೆಳಿಗ್ಗೆ ನಮ್ಮ ಡಬ್ಬಿಯಿಂದ ಬಂದದ್ದೂ ಇಪ್ಪತ್ತಾರೇ. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ. ಮಂಡಳಿ ಪ್ರಕಟಿಸುವುದು ಹತ್ತು ಗಂಟೆಗೆ, ಓಣಿಯ ಹಲಗೆಯಲ್ಲಿ ಏಳಕ್ಕೇ ಬಂದಿರುತ್ತಿತ್ತು.

ವಾರದೊಳಗೆ ಮಂಡಳಿಯ ಮೇಲ್ವಿಚಾರಕ ಬಂದ. ಸೇತುವೆಯ ಮೇಲೆ ನಡೆದು ಬಂದರೂ ಬೂಟಿಗೆ ಧೂಳಿಲ್ಲದ ಯುವಕ. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಉಳಿದಿಬ್ಬರನ್ನು ಹೊರಗೆ ಬಂಡೆಯ ಮೇಲೆ ನಿಲ್ಲಿಸಿದ.

"ಒಕ್ಕೂಟದವರ ಹತ್ರ ಅಳತೆ ಕಂಬಾನೇ ಇಲ್ಲ ಮೇಡಂ. ಒಂದು ಗೆರೆ ಕೂಡ ತಪ್ಪದ ಹಾಗೆ ಸಂಖ್ಯೆ ಎಲ್ಲಿಂದ ಬರುತ್ತೆ? ಈ ಕೋಣೆಯಿಂದಲೇ. ಮೂವರಲ್ಲಿ ಒಬ್ಬರು. ನಿಮಗೆ ಯಾರ ಮೇಲೆ ಅನುಮಾನ?"

ಇಂಥ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ. ಕೊಡೆಯವರ ಹೆಂಡತಿಯ ತಮ್ಮ ಎಡದಂಡೆಯ ಒಕ್ಕೂಟದಲ್ಲಿ ಕಾರ್ಯದರ್ಶಿ. 'ಯಾರಾದ್ರೂ ಆಳಲಿ' ಎಂದಿದ್ದರು. ನನ್ನ ಮುಖ ನೋಡಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ನಾನು ಅವರ ಹೆಸರು ಹೇಳಿದೆ. ಹೇಳುವಾಗ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನವೂ ಇತ್ತು.

ಅಂದೇ ಅವರನ್ನು ಅಮಾನತು ಮಾಡಿದರು. ಸುದ್ದಿ ಸಂಜೆಯೊಳಗೆ ತಗ್ಗಿನೋಣಿ ಮುಟ್ಟಿತು. ಮಂಡಳಿಯೊಳಗಿದ್ದುಕೊಂಡು ನಮಗೆ ಅಳತೆ ಕೊಟ್ಟ ಧೀರ ಎಂದು ಹಲಗೆಯ ಕೆಳಗೆ ಅವರನ್ನು ಹೊಗಳಿ ಬರೆದರು. ತಂಗಿಯ ಗಂಡ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಎರಡು ದಿನ ಕಳೆದು, ಬುಧವಾರ, ಸೇತುವೆ ದಾಟುವಾಗ ಎಂದಿನಂತೆ ತಂಗಿಗೆ ಫೋನ್ ಮಾಡಿದೆ. ಅವಳ ಅತ್ತೆಯ ಊಟ, ನನ್ನ ಮಂಡಿ ನೋವು, ಎಲ್ಲ ಆಯಿತು. "ಹೊಳೆ ಹೇಗಿದೆ ಅಕ್ಕ?" ಎಂದಳು. ಮೇಲೆ ಎಲ್ಲೋ ಮಳೆಯಾಗಿ ನೀರು ಕೆಂಪಗಿತ್ತು. "ನಿನ್ನೆ ಥರಾನೇ," ಎಂದೆ. ಕೋಣೆಗೆ ಹೋದೆ. ಮೇಷ್ಟ್ರು ಬಂದರು. "ಹೇಗಿದೆ ಹೊಳೆ?" ಎಂದರು. "ನಿನ್ನೆ ಥರಾನೇ." ಅವರು ದಪ್ಪ ಪೆನ್ಸಿಲಿನಲ್ಲಿ, ಮಕ್ಕಳಿಗೆ ತಿದ್ದಿಸುವಷ್ಟು ದೊಡ್ಡದಾಗಿ ಇಪ್ಪತ್ತೆಂಟು ಎಂದು ಬರೆದು ಡಬ್ಬಿಗೆ ಹಾಕಿದರು.

ಹಿಂದಿನ ಎರಡು ದಿನ ಎಡದಂಡೆಯಿಂದ ಬದಲಿ ಹುಡುಗಿಯೊಬ್ಬಳನ್ನು ಕಳಿಸಿದ್ದರು; ನಾನು ಅವಳ ಚೀಟಿ ನೋಡಿ ಬರೆದಿದ್ದೆ, ಅವಳು ಮೇಷ್ಟ್ರ ಚೀಟಿ ನೋಡಿ ಬರೆದಿದ್ದಳು. ಬುಧವಾರ ಅವಳೂ ಬಂದಿರಲಿಲ್ಲ. ಅವಳ ಊರು ಒಕ್ಕೂಟದ ಕಡೆ ಸೇರಿತಂತೆ. ಖಾಲಿ ಕುರ್ಚಿಯ ಹಿಂದೆ ಚಹಾ ಹಿಡಿದು ನಿಂತ ನನಗೆ ನೋಡಲು ಚೀಟಿಯೇ ಇಲ್ಲ. ಮೇಷ್ಟ್ರ ಸಂಖ್ಯೆ ಕಣ್ಣಿಗೆ ಬಿದ್ದಿತ್ತು, ಆದರೆ ಹೊಳೆ ಕೆಂಪಗಿದ್ದ ದಿನ ಅದೊಂದನ್ನೇ ನಂಬಿ ಬರೆಯಲು ಪೆನ್ನು ಏಳಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಇಳಿದೆ.

ಕೆಳಗೆ ಹೋಗಿ ಕಂಬದ ಪಾಚಿಯನ್ನು ಸೆರಗಿನಿಂದ ಉಜ್ಜಿ ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ, ಬೆರಳಿಟ್ಟು ಎಣಿಸಿದೆ. ಮೂವತ್ತೊಂದರ ಮೇಲೆ ಅರ್ಧ. ನಿಂತಿರುವಾಗಲೇ ನೀರು ನನ್ನ ಚಪ್ಪಲಿ ತೊಯಿಸಿತು.

ಏದುಸಿರು ಬಿಡುತ್ತ ಮೇಲೆ ಬಂದೆ. "ಮೇಷ್ಟ್ರೇ, ನೀವು ಕಂಬ ನೋಡಿದ್ರಾ?"

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನನಗೆ ನಾಲ್ಕು ವರ್ಷದಿಂದ ಕಂಬ ಕಾಣಲ್ಲಮ್ಮ. ಅದಕ್ಕೂ ಮೊದಲೂ ಇಳಿಯೋಕಾಗ್ತಿರಲಿಲ್ಲ. ನೀವು ಬರುವಾಗ ನೋಡ್ಕೊಂಡು ಹೇಳ್ತೀರಲ್ಲ, ನಿನ್ನೆಗಿಂತ ಒಂದು ಮೇಲೆ, ಒಂದು ಕೆಳಗೆ ಅಂತ. ಅದನ್ನೇ ಕೂಡಿಸಿ ಕಳೆದು ಬರೀತಿದ್ದೆ."

"ಮತ್ತೆ ಕೊಡೆಯವರು?"

"ಅವರು ನನ್ನದು ನೋಡ್ತಾರೆ. ನನಗೆ ಗೊತ್ತಿತ್ತು. ಓದಿದವನು ಅಂತ ಮರ್ಯಾದೆ."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಕೊಡೆಯವರು ಮೇಷ್ಟ್ರದ್ದು ನೋಡಿ ಬರೆದರು, ನಾನು ಕೊಡೆಯವರದ್ದು ನೋಡಿ ಬರೆದೆ, ಮೇಷ್ಟ್ರು ಬರೆದದ್ದು ನಾನು ಸೇತುವೆಯ ಮೇಲಿಂದ ಕಣ್ಣು ಹಾಯಿಸಿ ಬಂದು ಬಾಯಿಗೆ ಬಂದಂತೆ ಆಡಿದ ಮಾತನ್ನು. ನನ್ನದೇ ಅಂದಾಜು ಮೂರು ದೇಶ ಸುತ್ತಿ, ಮೊಹರು ಹಾಕಿಸಿಕೊಂಡು ನನಗೇ ವಾಪಸ್ ಬರುತ್ತಿತ್ತು. ನಾನು ನನ್ನ ಕಣ್ಣು ಎಷ್ಟು ಚುರುಕು ಎಂದು ಹಿಗ್ಗುತ್ತಿದ್ದೆ. ದಿನಕ್ಕೊಂದು ಬೆರಳು ಅತ್ತಿತ್ತ ತಪ್ಪಿದರೂ ಹತ್ತು ವರ್ಷಕ್ಕೆ ಮೂರೂವರೆ ಗೆರೆ ಜಾರಿತ್ತು. ಇಷ್ಟು ವರ್ಷ ಹೊಳೆ ಶಾಂತವಾಗಿ ಹರಿದಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ನನ್ನ ಚೀಟಿಯಲ್ಲಿ ಮೂವತ್ತೊಂದೂವರೆ ಎಂದು ಬರೆದು ಮೇಲ್ವಿಚಾರಕನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

"ಮೇಷ್ಟ್ರ ಚೀಟಿ ಎಷ್ಟು?"

ಮೇಷ್ಟ್ರ ಕಡೆ ನೋಡಿದೆ. ಅವರು ಡಬ್ಬಿಯನ್ನೇ ನೋಡುತ್ತಿದ್ದರು. "ನಂದು ಬರೆದಾಗಿದೆ," ಎಂದರು ಮೆಲ್ಲಗೆ. "ಈಗ ಬದಲಾಯಿಸಿದ್ರೆ ನಾಲ್ಕು ವರ್ಷದ್ದು ಕೇಳ್ತಾರೆ."

"ಇಪ್ಪತ್ತೆಂಟು," ಎಂದೆ.

"ನೋಡಿ ಮೇಡಂ, ಒಕ್ಕೂಟದ ಹಲಗೆಯಲ್ಲೂ ಇವತ್ತು ಇಪ್ಪತ್ತೆಂಟು. ನಮ್ಮನ್ನ ಕಂಡರಾಗದವರೇ ಒಪ್ಪಿದ ಸಂಖ್ಯೆ. ನೀವು ಒಬ್ಬರೇ ಬೇರೆ. ನಿಯಮ ನಿಮಗೇ ಗೊತ್ತಲ್ಲ, ಎರಡು ಹೊಂದಬೇಕು." ಆಮೇಲೆ ಕೇಳಿದ, "ನಿಮ್ಮ ತಂಗಿಯ ಗಂಡ ಒಕ್ಕೂಟದಲ್ಲಿದ್ದಾರಂತೆ, ಹೌದಾ?"

ಅವನ ಅನುಮಾನ ನನಗೆ ಅರ್ಥವಾಯಿತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಮಂಡಿ ಇದೆ ಎಂಬುದನ್ನು ಮರೆತು ಓಡಿದೆ. ತಂಗಿಯ ಗಂಡ ಓಣಿಯ ಬಾಯಲ್ಲಿ ಹಲಗೆಯ ಪಕ್ಕವೇ ಸಿಕ್ಕಿದ, ಸುತ್ತ ಹತ್ತಾರು ಜನ. ಅವನನ್ನು ಬದಿಗೆ ಎಳೆದು ಹೇಳಿದೆ.

"ಏನತ್ತಿಗೆ, ಒಂದು ರಾತ್ರಿಗೆ ಮೂರು ಗೆರೆನಾ?" ಎಂದ ಅವನು. "ಇವತ್ತು ಬೆಳಿಗ್ಗೆ ನೀವೇ ಹೇಳಿದ್ದು, ನಿನ್ನೆ ಥರಾನೇ ಅಂತ."

"ನಾನಾ? ನಿಮಗೆ?"

"ನಿಮ್ಮ ತಂಗಿಗೆ. ದಿನಾ ಹೇಳ್ತೀರಲ್ಲ ಫೋನಲ್ಲಿ. ಅವಳು ತಿಂಡಿ ಕೊಡುವಾಗ ಹೇಳ್ತಾಳೆ, ನಾನು ನಿನ್ನೆಯ ಸಂಖ್ಯೆಗೆ ಕೂಡಿಸಿ ಕಳೆದು ಹಲಗೆ ಮೇಲೆ ಬರೀತೀನಿ." ಅವನು ದನಿ ತಗ್ಗಿಸಿದ. "ನಿಮ್ಮ ಹೆಸರು ಬರಬಾರದು ಅಂತ ಯಾರಿಗೂ ಹೇಳಿಲ್ಲ. ಪಾಪ, ಆ ಕೊಡೆಯವರ ತಲೆಗೆ ಬಂತು. ಈಗ ಮಂಡಳಿಯವರು ನಿಮ್ಮನ್ನ ಹೆದರಿಸಿ ಕಳಿಸಿದ್ದಾರೆ ಅಲ್ವಾ? ಓಣಿ ಖಾಲಿ ಮಾಡಿಸೋಕೆ?"

ತಾ ಕಳ್ಳ, ಪರರ ನಂಬ ಎನ್ನುತ್ತಾರೆ. ಆ ಗಾದೆಯನ್ನು ಲೋಕಕ್ಕೆಲ್ಲ ಹೊಂದಿಸುತ್ತಿದ್ದವಳು ನಾನು. ಅಳತೆಯನ್ನು ಹೊರಗೆ ಹಾಕಿದ್ದೂ ನಾನೇ, ಅದೂ ಸುಳ್ಳು ಅಳತೆ. ಒಂದನ್ನೊಂದು ಒಪ್ಪದ ಎರಡು ಆಡಳಿತಗಳು ಒಪ್ಪಿಕೊಂಡಿದ್ದದ್ದು ಒಂದೇ ಮಾತನ್ನು, ಅದು ನನ್ನ ಬಾಯಿಂದ ಬಿದ್ದದ್ದು. ಸುತ್ತ ನಿಂತವರಿಗೆ ಗಟ್ಟಿಯಾಗಿ ಹೇಳಿದೆ, ನೀರು ಬರುತ್ತೆ, ಏಳಿ ಎಂದು. ಒಬ್ಬರೂ ಕದಲಲಿಲ್ಲ. "ಮಂಡಳಿ ಸಂಬಳ ತಿನ್ನೋರ ಮಾತು," ಎಂದ ಒಬ್ಬ. ಹಿಂದೆ ಮನೆ ಕಳೆದುಕೊಂಡಿದ್ದ ಹೆಂಗಸೊಬ್ಬಳು ಬಾಗಿಲು ಹಾಕಿಕೊಂಡಳು.

ಇನ್ನು ಉಳಿದಿದ್ದು ಒಬ್ಬರೇ. ಮತ್ತೆ ಸೇತುವೆ, ಬಂಡೆ, ಎಡದಂಡೆಯ ಸೇತುವೆ. ಕೊಡೆಯವರ ಮನೆ ದಂಡೆಯಲ್ಲೇ. ಬಾಗಿಲು ತೆಗೆದ ಅವರ ಹೆಂಡತಿ ಒಳಗೆ ಕರೆಯಲಿಲ್ಲ. "ಇನ್ನೇನು ಉಳಿದಿದೆ ಹೇಳೋಕೆ?" ಎಂದರು. ಕೊಡೆಯವರು ಹಿಂದೆ ಬಂದು ನಿಂತರು. ನಾನು ನಿಂತಲ್ಲೇ ಎಲ್ಲ ಒಪ್ಪಿಸಿದೆ, ಹೆಸರು ಹೇಳಿದವಳು ನಾನು ಎಂಬುದನ್ನೂ ಸೇರಿಸಿ. ಸಂಖ್ಯೆ ಹೇಳಲು ಬಾಯಿ ತೆರೆದಾಗ ಅವರು ಕೈ ಅಡ್ಡ ಹಿಡಿದರು.

"ಹೇಳಬೇಡಿ. ನಿಮ್ಮ ಮಾತು ನನಗೆ ಬೇಡ. ನಾನೇ ನೋಡ್ತೀನಿ."

ಬಂಡೆಗೆ ಬಂದು ಒಬ್ಬರೇ ಮೆಟ್ಟಿಲು ಇಳಿದರು. ನಾನು ಮೇಲೆ ಕಾದೆ. ಮೇಲೆ ಬಂದು ಚೀಟಿ ಬರೆದು ಮಡಿಸಿ ಮೇಜಿನ ಮೇಲಿಟ್ಟರು, ನನ್ನದನ್ನು ಕೇಳಿದರು. ಎರಡನ್ನೂ ಬಿಡಿಸಿದರು. ನನ್ನದು ಮೂವತ್ತೊಂದೂವರೆ, ಅವರದು ಮೂವತ್ತೆರಡು.

"ಮುಕ್ಕಾಲು ಗಂಟೇಲಿ ಅರ್ಧ ಗೆರೆ ಏರಿದೆ," ಎಂದರು. "ಅಮಾನತಾದವನ ಚೀಟಿ ಮಂಡಳಿಗೆ ನಡೆಯಲ್ಲ. ಬನ್ನಿ, ಓಣಿಗೆ ಹೋಗೋಣ."

ಓಣಿಯವರು ಅವರನ್ನು ಕಂಡದ್ದೇ ದಾರಿ ಬಿಟ್ಟರು. ಹಲಗೆಯ ಕೆಳಗೆ ಹೆಸರು ಬರೆಸಿಕೊಂಡ ಮನುಷ್ಯ ಎದುರಿಗೇ ಬಂದಿದ್ದರು. ಕೊಡೆಯವರು ಹಲಗೆಯ ಮುಂದೆ ನಿಂತು, ಇಪ್ಪತ್ತೆಂಟನ್ನು ಅಂಗೈಯಿಂದ ಒರೆಸಿ ಮೂವತ್ತೆರಡು ಎಂದು ಬರೆದರು. ಜನ ಗುಸುಗುಸು ಎಂದರು. ಒಬ್ಬ ಮುದುಕ ಮುಂದೆ ಬಂದ.

"ಇಷ್ಟು ದಿನ ನಮಗೆ ಅಳತೆ ಕೊಡ್ತಿದ್ದೋರು ನೀವೇ ಅಲ್ವಾ? ಅದನ್ನ ನಿಮ್ಮ ಬಾಯಲ್ಲಿ ಹೇಳಿ. ನೀವಾದ್ರೆ ನಂಬ್ತೀವಿ."

ಕೊಡೆಯವರು ನನ್ನ ಕಡೆ ನೋಡಿದರು. ತಂಗಿಯ ಗಂಡ ನೆಲ ನೋಡುತ್ತಿದ್ದ. ನಾನೇ ಕೊಟ್ಟದ್ದು ಎಂದು ಕೂಗಲು ನನಗೆ ಒಂದು ಗಳಿಗೆ ಸಾಕಿತ್ತು. ಕೂಗಿದ್ದರೆ ಓಣಿ ಅವರನ್ನೂ ನಂಬುತ್ತಿರಲಿಲ್ಲ. ಅದನ್ನು ಆ ಗಳಿಗೆಯಲ್ಲಿ ಯೋಚಿಸಿ ಸುಮ್ಮನಿದ್ದೆ ಎಂದು ಹೇಳಿಕೊಳ್ಳಲು ಇಷ್ಟ. ನಿಜವಾಗಿ ನನಗೆ ಧೈರ್ಯ ಬರಲಿಲ್ಲ.

"ಹೌದು," ಎಂದರು ಕೊಡೆಯವರು. "ನಾನೇ ಕೊಡ್ತಿದ್ದೆ. ಮೊದಲು ಕೊಟ್ಟಿದ್ದರಲ್ಲಿ ತಪ್ಪಿತ್ತು. ಇದರಲ್ಲಿಲ್ಲ. ಏಳಿ."

ಓಣಿ ಎದ್ದಿತು. ಒಂದು ಮನೆಯಿಂದ ಇನ್ನೊಂದಕ್ಕೆ ಮಾತು ಹಾರಿತು, ಬಾಗಿಲು ಹಾಕಿಕೊಂಡ ಹೆಂಗಸೂ ಗಂಟು ಹೊತ್ತು ಹೊರಬಂದಳು. ಅತ್ತೆಯ ಮಂಚವನ್ನು ಒಂದು ಕಡೆ ಕೊಡೆಯವರು ಮತ್ತು ತಂಗಿಯ ಗಂಡ, ಇನ್ನೊಂದು ಕಡೆ ನಾನು ಮತ್ತು ತಂಗಿ ಹೊತ್ತೆವು. ಮುದುಕಿ ಮಂಚದ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಏರು ಹತ್ತಿ ಶಾಲೆಯ ಅಂಗಳ ಮುಟ್ಟಿ ಅರ್ಧ ಗಂಟೆಯಾಗಿರಬೇಕು, ಸೈರನ್ನೂ ಇಲ್ಲದೆ ಏನೂ ಇಲ್ಲದೆ ನೀರು ಒಡ್ಡು ಹಾರಿತು. ಮೇಲಿನಿಂದ ನೋಡಿದರೆ ಹಲಗೆಯ ತುದಿ ಮಾತ್ರ ಕಾಣುತ್ತಿತ್ತು. ಎಪ್ಪತ್ತು ಮನೆಯವರನ್ನೂ ಮೂರು ಸಲ ಎಣಿಸಿದರು. ಎಲ್ಲರೂ ಇದ್ದರು.

ತಿಂಗಳ ನಂತರ ನನಗೆ ಮತ್ತೆ ಎರಡು ಕಾಗದ ಬಂದವು. ಮಂಡಳಿಯದು ವಿಚಾರಣೆಯ ಹೇಳಿಕೆ: ಅಳತೆಯನ್ನು ಹೊರಗಿನವರಿಗೆ ಕೊಡುತ್ತಿದ್ದವರು ಎಡದಂಡೆಯ ಅಳತೆಗಾರರೇ ಎಂದು ಸಾಕ್ಷಿ ಹಾಕಬೇಕು, ಅದರ ಮೇಲೆ ಅವರನ್ನು ಪಿಂಚಣಿ ಇಲ್ಲದೆ ವಜಾ ಮಾಡುತ್ತಾರೆ. ಒಕ್ಕೂಟದ್ದು ಸನ್ಮಾನದ ನಿರ್ಣಯ: ಜನರಿಗೆ ಅಳತೆ ಕೊಡುತ್ತಿದ್ದವರು ಅವರೇ ಎಂದು ಸಾಕ್ಷಿ ಹಾಕಬೇಕು, ಅದರ ಮೇಲೆ ಒಡ್ಡಿನ ಬಾಗಿಲ ಬೀಗದ ಕೈ ಒಕ್ಕೂಟಕ್ಕೇ ಸೇರಬೇಕೆಂದು ಕೇಳುತ್ತಾರೆ. ಎರಡರಲ್ಲೂ ಬರೆದದ್ದು ಒಂದೇ ಮಾತು, ಎರಡರಲ್ಲೂ ಸುಳ್ಳು.

ಎರಡನ್ನೂ ಹಿಡಿದುಕೊಂಡು ಕೊಡೆಯವರ ಮನೆಗೆ ಹೋದೆ. ಈ ಸಲ ಅವರ ಹೆಂಡತಿ ಒಳಗೆ ಕರೆದರು. ನಾನು ನಿಜ ಬರೆದು ಕೊಡುತ್ತೇನೆ ಎಂದೆ.

"ಬರೆದರೆ ನೀವು ಹಗುರಾಗ್ತೀರಿ," ಎಂದರು ಅವರು. "ಆ ಓಣಿ ಅವತ್ತು ಎದ್ದಿದ್ದು ಮಂಡಳಿ ಮಾತಿಗಲ್ಲ, ಒಕ್ಕೂಟದ ಮಾತಿಗಲ್ಲ, ಮೂರು ಸರ್ಕಾರದ ಮಾತಿಗಲ್ಲ. ಒಬ್ಬ ತಮಗೆ ಸುಳ್ಳು ಹೇಳಲ್ಲ ಅಂತ ನಂಬಿ ಎದ್ದಿದ್ದು. ಅವನೂ ಸುಳ್ಳು ಹೇಳಿದ ಅಂತ ಗೊತ್ತಾದ್ರೆ, ಮುಂದಿನ ಸಲ ಯಾರು ಹೋಗಿ ಎಬ್ಬಿಸ್ತಾರೆ ಅಕ್ಕ? ನೀವಾ?"

ನಾನು ಎರಡೂ ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅವರ ಹೆಂಡತಿ ಪೆನ್ನು ತಂದುಕೊಟ್ಟರು. ಹತ್ತು ವರ್ಷ ಅವರ ಚೀಟಿ ನೋಡಿ ಬರೆದ ಕೈಯಿಂದ ಅವರ ಮನೆಯ ಮೇಜಿನ ಮೇಲೆಯೇ ಎರಡಕ್ಕೂ ಸಹಿ ಹಾಕಿದೆ.